ಲೇಆಫ್‌ಗೆ ತಾನೂ ಬೆಲೆ ತೆತ್ತ ಸ್ಥಾಪಕ: ಟೊಯೊಟಾದ ಕಿಯಿಚಿರೊ ನಮಗೇಕೆ ಬೇಕು?

ಸೆಕೆಂಡ್ ಹ್ಯಾಂಡ್ ಕಾರು ಹುಡುಕಲು ಹೊರಟವರನ್ನು ಕೇಳಿ ನೋಡಿ. ಹತ್ತು ವರ್ಷ ಹಳೆಯ ಇನ್ನೋವಾಗೆ ಅದರ ಮಾಲೀಕ ಹೇಳುವ ರೇಟು ಕೇಳಿದರೆ ತಲೆ ತಿರುಗುತ್ತೆ. ಎಷ್ಟೇ ಚೌಕಾಸಿ ಮಾಡಿ, ಆಸಾಮಿ ಜಗ್ಗಲ್ಲ. ಟ್ಯಾಕ್ಸಿ ಓಡಿಸುವ ನನ್ನ ಪರಿಚಯದವರೊಬ್ಬರು ಇಲ್ಲಿಯವರೆಗೆ ಎರಡು ಗಾಡಿ ಬದಲಾಯಿಸಿದ್ದಾರೆ, ಎರಡೂ ಟೊಯೊಟಾನೇ. ಯಾಕೆ ಅಂದರೆ, ನಡುರಾತ್ರಿ ಘಾಟಿಯಲ್ಲಿ ಕೈ ಕೊಡಲ್ಲ ಅಂತಾರೆ, ಅಷ್ಟೇ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಕಾರು ಮಾಲೀಕರನ್ನೇ ಕೇಳಿ ಮಾಡುವ ಸಮೀಕ್ಷೆಗಳಲ್ಲೂ ಟೊಯೊಟಾ ಮತ್ತು ಅದರದ್ದೇ ಆದ ಲೆಕ್ಸಸ್ ಬಹುತೇಕ ವರ್ಷ ಮೇಲಿನ ಸಾಲಿನಲ್ಲೇ ಇರುತ್ತವೆ.

ಇಷ್ಟು ದೊಡ್ಡ ನಂಬಿಕೆ ಎಲ್ಲಿಂದ ಬಂತು? ಜಪಾನಿನವರ ರಕ್ತದಲ್ಲೇ ಶಿಸ್ತು ಇದೆ ಅನ್ನೋ ವಾಟ್ಸಾಪ್ ವಿವರಣೆ ನನಗೆ ಒಪ್ಪಿಗೆಯಿಲ್ಲ. ಟೊಯೊಟಾದ ಮೊದಲ ಲಾರಿಗಳು ರಸ್ತೆ ಮಧ್ಯೆ ಕೆಟ್ಟು ನಿಲ್ಲುವುದಕ್ಕೇ ಹೆಸರಾಗಿದ್ದವು. ಕಂಪನಿ ಒಮ್ಮೆ ದಿವಾಳಿಯ ಅಂಚಿಗೆ ಹೋಗಿತ್ತು. ಅದರ ಕಾರ್ಮಿಕರು ಬೀದಿಗಿಳಿದಿದ್ದರು. ಈ ಎಲ್ಲದರ ನಡುವೆ ನಿಂತಿದ್ದವರು ಕಿಯಿಚಿರೊ ಟೊಯೊಡಾ. 1950ರಲ್ಲಿ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಳ್ಳುವ ಹೊತ್ತಿಗೆ ಅವರು ತಮ್ಮ ಅಧ್ಯಕ್ಷ ಕುರ್ಚಿಯನ್ನೂ ಬಿಟ್ಟು ಹೊರನಡೆದರು. ಒಂದೇ ಇಮೇಲ್‌ನಲ್ಲಿ ನೂರಾರು ಜನರ ಕೆಲಸ ಹೋಗುವ ಈ ಕಾಲದಲ್ಲಿ ಅವರ ಬದುಕನ್ನು ಒಮ್ಮೆ ತಿರುಗಿ ನೋಡಬೇಕು ಅನಿಸಿತು. ಪೂಜೆ ಮಾಡಲಿಕ್ಕಲ್ಲ, ಲೆಕ್ಕ ಕೇಳಲಿಕ್ಕೆ.

ಮಗ್ಗದ ಮನೆಯ ಹುಡುಗ

ಕಿಯಿಚಿರೊ ಹುಟ್ಟಿದ್ದು 1894ರ ಜೂನ್ 11ರಂದು, ಇಂದಿನ ಶಿಜುವೊಕಾ ಪ್ರಾಂತ್ಯದ ಕೊಸಾಯ್ ಭಾಗದ ಹಳ್ಳಿಯಲ್ಲಿ. ತಂದೆ ಸಾಕಿಚಿ ಬಡಗಿಯ ಮಗ. ಮಗ್ಗ ಸುಧಾರಿಸುವ ಹುಚ್ಚು ಹತ್ತಿಸಿಕೊಂಡು ಮನೆ ಮಠ ಮರೆತವರು. ಇಂಥ ಗಂಡನ ಜೊತೆ ಬಾಳಲಾರದೆ ತಾಯಿ ತಾಮಿ, ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ಮನೆ ಬಿಟ್ಟು ಹೋದರು. ಮೊದಲ ಕೆಲವು ವರ್ಷ ಕಿಯಿಚಿರೊ ಬೆಳೆದದ್ದು ಅಜ್ಜ ಅಜ್ಜಿಯ ಕೈಯಲ್ಲಿ.

ಸಾಕಿಚಿಯ ದೊಡ್ಡ ಸಾಧನೆ ಏನು ಅನ್ನೋದನ್ನ ಇಲ್ಲಿ ಹೇಳಲೇಬೇಕು. ಯಾಕಂದ್ರೆ ಮುಂದಿನ ಕಾರಿನ ಕಥೆ ಪೂರ್ತಿ ಅದರಲ್ಲೇ ಅಡಗಿದೆ. ಯಂತ್ರದ ಮಗ್ಗದಲ್ಲಿ ಒಂದು ಎಳೆ ಕಡಿದರೂ ಯಂತ್ರಕ್ಕೆ ಗೊತ್ತಾಗುತ್ತಿರಲಿಲ್ಲ. ಅದು ತನ್ನ ಪಾಡಿಗೆ ನೇಯುತ್ತಾ ಹೋಗೋದು, ಗಜಗಟ್ಟಲೆ ಬಟ್ಟೆ ಹಾಳಾಗೋದು. ಹಾಗಾಗಿ ಮಗ್ಗದ ಪಕ್ಕ ಒಬ್ಬರು ಕಣ್ಣಿಟ್ಟು ನಿಂತಿರಲೇಬೇಕಿತ್ತು. ಎಳೆ ಕಡಿದ ಕೂಡಲೇ ತಾನಾಗಿಯೇ ನಿಲ್ಲುವ ಮಗ್ಗವನ್ನು ಸಾಕಿಚಿ ಮಾಡಿದರು. ತಪ್ಪು ಕಂಡರೆ ಕೆಲಸ ನಿಲ್ಲಲಿ, ಸರಿಪಡಿಸಿದ ಮೇಲೆ ಮುಂದಕ್ಕೆ ಹೋಗಲಿ. ಇದು ಆ ಮನೆಯ ಮೊದಲ ಪಾಠ. ಇದಕ್ಕೆ ಇನ್ನೊಂದು ಮುಖವೂ ಇತ್ತು ಅನ್ನೋದು ಮರೆಯಬಾರದು. ಯಂತ್ರ ತಾನೇ ನಿಲ್ಲುವುದಾದರೆ ಒಬ್ಬ ಹೆಣ್ಣುಮಗಳು ಹತ್ತಾರು ಮಗ್ಗ ನೋಡಿಕೊಳ್ಳಬಹುದು. ಬಟ್ಟೆಯ ಗುಣಮಟ್ಟವೂ ಏರಿತು, ಬೇಕಾಗುವ ಕೈಗಳೂ ಕಡಿಮೆಯಾದವು.

ಕಿಯಿಚಿರೊ 1920ರಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಮರುವರ್ಷ ತಂದೆಯ ನೂಲು-ನೇಯ್ಗೆ ಕಂಪನಿ ಸೇರಿದರು. ಆಮೇಲೆ ಅಮೆರಿಕ, ಇಂಗ್ಲೆಂಡ್ ಪ್ರವಾಸ. ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಪ್ಲಾಟ್ ಬ್ರದರ್ಸ್ ಕಾರ್ಖಾನೆ ನೋಡಿದರು. ಆ ಕಾಲಕ್ಕೆ ಜವಳಿ ಯಂತ್ರಗಳ ಜಗತ್ತಿಗೆ ಅದೇ ದೊರೆ. ನಮ್ಮ ಮುಂಬೈ, ಅಹಮದಾಬಾದ್ ಗಿರಣಿಗಳಿಗೂ ಲ್ಯಾಂಕಶೈರ್‌ನ ಯಂತ್ರಗಳೇ ಬರುತ್ತಿದ್ದ ಕಾಲ ಅದು. 1924ರಲ್ಲಿ ತಂದೆಯ ಟೈಪ್ ಜಿ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. ವೇಗ ಇಳಿಸದೆ ತಾನೇ ಲಾಳಿ ಬದಲಿಸುವ ಮಗ್ಗ ಅದು. ಅದನ್ನು ಪಳಗಿಸುವ ಕೆಲಸದಲ್ಲಿ ಮಗನ ಪಾಲೂ ಇತ್ತು. 1926ರಲ್ಲಿ ಕಾರಿಯಾ ಊರಿನಲ್ಲಿ ಟೊಯೊಡಾ ಸ್ವಯಂಚಾಲಿತ ಮಗ್ಗದ ಕಾರ್ಖಾನೆ ಶುರುವಾಯಿತು.

1929ರ ಕೊನೆಗೆ ಚಕ್ರ ತಿರುಗಿತು. ಅದೇ ಪ್ಲಾಟ್ ಬ್ರದರ್ಸ್ ಟೊಯೊಡಾ ಮಗ್ಗದ ಪೇಟೆಂಟ್ ಹಕ್ಕನ್ನು 1 ಲಕ್ಷ ಪೌಂಡ್‌ಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಲ್ಯಾಂಕಶೈರ್ ಆಗಲೇ ಕುಸಿಯುತ್ತಿತ್ತು. ಮುಂದೆ ಪ್ಲಾಟ್ ಕಂಪನಿ ಒಪ್ಪಿದ ಹಣವನ್ನೇ ಕಡಿತ ಮಾಡಿಸಿಕೊಂಡಿತು. ಜಗತ್ತನ್ನು ಆಳಿದ ಉದ್ಯಮ ಕಣ್ಣೆದುರೇ ಮುದಿಯಾಗುವುದನ್ನು ಕಿಯಿಚಿರೊ ಕಂಡರು. ಮಗ್ಗವನ್ನೇ ನಂಬಿ ಕೂತರೆ ನಾಳೆ ನಮ್ಮ ಗತಿಯೂ ಇದೇ ಅಂತ ಅವರಿಗೆ ಅನಿಸಿರಬೇಕು.

ನಡುದಾರಿಯಲ್ಲಿ ನಿಂತ ಲಾರಿ

ಫೋರ್ಡ್ ಕಂಪನಿ 1925ರಲ್ಲಿ ಯೊಕೊಹಾಮಾದಲ್ಲಿ, ಜನರಲ್ ಮೋಟಾರ್ಸ್ 1927ರಲ್ಲಿ ಒಸಾಕಾದಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿದ್ದವು. ಜಪಾನಿನ ರಸ್ತೆಗಳಲ್ಲಿ ಹೆಚ್ಚಾಗಿ ಓಡುತ್ತಿದ್ದುದು ಅಮೆರಿಕದ ಗಾಡಿಗಳೇ. 1930ರ ಅಕ್ಟೋಬರ್‌ನಲ್ಲಿ ಸಾಕಿಚಿ ತೀರಿಕೊಂಡರು. ಕಿಯಿಚಿರೊ ಕಾರ್ಖಾನೆಯ ಒಂದು ಮೂಲೆಯಲ್ಲಿ ಸಣ್ಣ ಎಂಜಿನ್ ಬಿಚ್ಚಿ ಕಟ್ಟುವ ಪ್ರಯೋಗ ಶುರು ಮಾಡಿದರು. 1933ರಲ್ಲಿ ಮಗ್ಗದ ಕಂಪನಿಯೊಳಗೇ ಕಾರಿನ ವಿಭಾಗ ಹುಟ್ಟಿತು. ಕಂಪನಿಯ ಚುಕ್ಕಾಣಿ ಹಿಡಿದಿದ್ದ ತಂಗಿಯ ಗಂಡ ರಿಸಾಬುರೊಗೆ ಇದು ದುಡ್ಡು ನುಂಗುವ ಸಾಹಸ ಅನ್ನೋ ಆತಂಕ. ಆತಂಕಕ್ಕೆ ಕಾರಣವೂ ಇತ್ತು.

ಒಂದು ಷೆವ್ರೊಲೆ ಕಾರು ತಂದು ನಟ್ಟು ಬೋಲ್ಟು ಸಮೇತ ಬಿಚ್ಚಿ, ಅಳತೆ ತೆಗೆದು, ಅದರಂತೆಯೇ ಎಂಜಿನ್ ಮಾಡಲು ಹೊರಟರು. ಮಗ್ಗದ ಬಿಡಿಭಾಗ ಎರಕ ಹೊಯ್ಯುತ್ತಿದ್ದ ಕೈಗಳಿಗೆ ಸಿಲಿಂಡರ್ ಬ್ಲಾಕ್ ಒಗ್ಗಲಿಲ್ಲ. ಹೊಯ್ದದ್ದೆಲ್ಲ ಗುಜರಿಗೆ. ಹಾಗೂ ಹೀಗೂ 1934ರಲ್ಲಿ ಎಂಜಿನ್, 1935ರ ಮೇ ತಿಂಗಳಲ್ಲಿ ಮೊದಲ ಮಾದರಿ ಕಾರು ಆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಜಿ1 ಲಾರಿಯನ್ನು ಟೋಕಿಯೊದಲ್ಲಿ ಬಿಡುಗಡೆ ಮಾಡುವುದೆಂದಾಯಿತು. ಕಾರಿಯಾದಿಂದ ಟೋಕಿಯೊಗೆ ಹೊರಟ ಲಾರಿ ದಾರಿಯಲ್ಲೇ ಕೆಟ್ಟಿತು. ರಿಪೇರಿ ಮಾಡಿಕೊಂಡು ಸಮಾರಂಭಕ್ಕೆ ತಲುಪಿಸಿದರು.

ಮಾರಾಟವಾದ ಲಾರಿಗಳ ಕಥೆಯೂ ಅಷ್ಟೇ. ಆಕ್ಸಲ್ ಮುರಿಯೋದು, ಗಾಡಿ ನಿಲ್ಲೋದು, ಪತ್ರಿಕೆಗಳು ನಗೋದು. ಜನರಲ್ ಮೋಟಾರ್ಸ್‌ನಿಂದ ಬಂದು ಮಾರಾಟದ ಹೊಣೆ ಹೊತ್ತಿದ್ದ ಶೋತಾರೊ ಕಾಮಿಯಾ ಒಂದು ದಾರಿ ಹಿಡಿದರು. ಅಮೆರಿಕದ ಲಾರಿಗಳಿಗಿಂತ ಕಡಿಮೆ ಬೆಲೆ, ಅದೂ ತಯಾರಿಕೆಯ ಖರ್ಚೇ ಗಿಟ್ಟದ ಬೆಲೆ. ಎಲ್ಲಿ ಕೆಟ್ಟರೂ ಕಂಪನಿಯ ಜನ ಹೋಗಿ ರಿಪೇರಿ ಮಾಡೋದು, ಯಾಕೆ ಕೆಟ್ಟಿತು ಅನ್ನೋದನ್ನ ಕಾರ್ಖಾನೆಗೆ ತಂದು ಒಪ್ಪಿಸೋದು, ಅಲ್ಲಿ ಅದನ್ನು ತಿದ್ದೋದು. ಇವತ್ತು ಗಿರಾಕಿಗಳ ತೃಪ್ತಿ ಅಂತ ಯಾವುದನ್ನು ಕರೀತೀವೋ ಅದರ ಬೇರು ಇಲ್ಲಿದೆ. ಗಾಡಿ ಕೆಡುವುದನ್ನು ಮುಚ್ಚಿಡದೆ, ಕೆಟ್ಟ ಗಾಡಿಯಿಂದಲೇ ಅವರು ಪಾಠ ಕಲಿತರು.

ಮುಂದಿನ ಭಾಗ ಕಂಪನಿಯ ಜಾಹೀರಾತುಗಳಲ್ಲಿ ಬರೋದಿಲ್ಲ. ಈ ಲಾರಿಗಳನ್ನು ಉಳಿಸಿದ್ದು ಮಾರುಕಟ್ಟೆಯಲ್ಲ, ಸೈನ್ಯ. 1936ರಲ್ಲಿ ಜಪಾನ್ ಸರ್ಕಾರ ಕಾನೂನು ತಂದು ವಿದೇಶಿ ಕಂಪನಿಗಳ ಕೈ ಕಟ್ಟಿತು. ಪರವಾನಗಿ ಸಿಕ್ಕಿದ್ದು ಟೊಯೊಡಾ ಮತ್ತು ನಿಸಾನ್‌ಗೆ. ಅದೇ ವರ್ಷ ಎಎ ಹೆಸರಿನ ಕಾರು ಬಂತು. ಲಾಂಛನಕ್ಕಾಗಿ ಸಾರ್ವಜನಿಕ ಸ್ಪರ್ಧೆ ನಡೆಸಿದಾಗ ಸುಮಾರು 27 ಸಾವಿರ ಪ್ರವೇಶಗಳು ಬಂದವು. ಟೊಯೊಡಾ ಹೋಗಿ ಟೊಯೊಟಾ ಆದದ್ದು ಆಗಲೇ. ಜಪಾನಿ ಲಿಪಿಯಲ್ಲಿ ಅದನ್ನು ಬರೆಯಲು ಎಂಟು ಗೆರೆ ಸಾಕು, ಎಂಟು ಅಲ್ಲಿ ಶುಭ ಸಂಖ್ಯೆ. 1937ರ ಆಗಸ್ಟ್ 28ರಂದು ಟೊಯೊಟಾ ಮೋಟಾರ್ ಕಂಪನಿ ಸ್ಥಾಪನೆಯಾಯಿತು. ರಿಸಾಬುರೊ ಅಧ್ಯಕ್ಷರು, ಕಿಯಿಚಿರೊ ಉಪಾಧ್ಯಕ್ಷರು. ಅದಕ್ಕೂ ಒಂದು ತಿಂಗಳ ಹಿಂದಷ್ಟೇ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧಕ್ಕೆ ಇಳಿದಿತ್ತು.

1938ರಲ್ಲಿ ಕೊರೊಮೊ ಎಂಬಲ್ಲಿ ಹೊಸ ಕಾರ್ಖಾನೆ ತೆರೆದಾಗ ಕಿಯಿಚಿರೊ ಒಂದು ನಿಯಮ ಹಾಕಿದರು. ಬೇಕಾದ ಭಾಗ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕು. ಗೋದಾಮಿನಲ್ಲಿ ರಾಶಿ ಹಾಕಬಾರದು. ಇವತ್ತು ಎಂಬಿಎ ತರಗತಿಗಳಲ್ಲಿ ಕಲಿಸುವ ಜಸ್ಟ್ ಇನ್ ಟೈಮ್ ಇದೇ. ಆದರೆ ಯುದ್ಧದ ಹಂಚಿಕೆ ವ್ಯವಸ್ಥೆಯಲ್ಲಿ ಅದು ನಡೆಯಲಿಲ್ಲ. ಕಾರು ಮಾಡುವ ಕನಸೂ ಮೂಲೆಗೆ ಹೋಯಿತು. 1941ರಲ್ಲಿ ಕಿಯಿಚಿರೊ ಅಧ್ಯಕ್ಷರಾದರು, ಕಂಪನಿ ಸೈನ್ಯಕ್ಕೆ ಲಾರಿ ಮಾಡುತ್ತಾ ಹೋಯಿತು. ಆ ಲಾರಿಗಳಲ್ಲಿ ಹೋದ ಸೈನ್ಯ ಏಷ್ಯಾದಲ್ಲಿ ಏನು ಮಾಡಿತು ಅನ್ನೋದು ಚೀನಾ, ಕೊರಿಯಾದವರಿಗೆ ಇನ್ನೂ ನೆನಪಿದೆ. ಸಾಮ್ರಾಜ್ಯದ ಯುದ್ಧದಿಂದ ಬೆಳೆದ ಕಂಪನಿ ಇದು ಅನ್ನೋದನ್ನ ಬಿಟ್ಟು ಕಿಯಿಚಿರೊ ಕಥೆ ಹೇಳಿದರೆ ಅದು ಅರ್ಧ ಕಥೆ.

1945ರ ಆಗಸ್ಟ್ 14, ಶರಣಾಗತಿ ಘೋಷಣೆಗೆ ಒಂದು ದಿನ ಮುಂಚೆ, ಕೊರೊಮೊ ಕಾರ್ಖಾನೆಯ ಮೇಲೆ ಬಾಂಬ್ ಬಿತ್ತು. ಕಾರ್ಖಾನೆಯ ಕಾಲು ಭಾಗದಷ್ಟು ನೆಲಸಮವಾಯಿತು.

1950ರ ಬೇಸಿಗೆ

ಸೋತ ದೇಶದಲ್ಲಿ ಕಾರು ಯಾರಿಗೆ ಬೇಕು? ಹೊಟ್ಟೆಪಾಡಿಗೆ ಬೇರೆ ದಂಧೆ ಹುಡುಕುವ ಸ್ಥಿತಿ. ಕಿಯಿಚಿರೊ ತಮ್ಮ ಮಗ ಶೋಯಿಚಿರೊನನ್ನು ಉತ್ತರದ ಹೊಕ್ಕೈಡೊಗೆ, ಮೀನಿನ ತಿನಿಸು ಮಾಡುವ ಕೆಲಸಕ್ಕೆ ಕಳಿಸಿದ್ದರು. ಆದರೂ ಮೂರೇ ವರ್ಷದಲ್ಲಿ ಅಮೆರಿಕವನ್ನು ಹಿಡಿಯಬೇಕು, ಇಲ್ಲದಿದ್ದರೆ ಜಪಾನಿನ ಕಾರು ಉದ್ಯಮ ಉಳಿಯೋದಿಲ್ಲ ಅಂತ ತಮ್ಮ ಜನರಿಗೆ ಗುರಿ ಹಾಕಿಕೊಟ್ಟರು.

1949ರಲ್ಲಿ ಅಮೆರಿಕದ ಬ್ಯಾಂಕರ್ ಜೋಸೆಫ್ ಡಾಡ್ಜ್ ಬಂದರು. ಬೆಲೆ ಏರಿಕೆ ತಡೆಯಲು ಸರ್ಕಾರಿ ಖರ್ಚು ಕತ್ತರಿಸಿ, ಸಾಲ ಬಿಗಿ ಮಾಡಿದರು. ಒಂದು ಡಾಲರ್‌ಗೆ 360 ಯೆನ್ ಅಂತ ನಿಗದಿಯಾಯಿತು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅಪ್ಪಟ ಮಿತವ್ಯಯ ನೀತಿ. ಬೆಲೆ ಏರಿಕೆ ನಿಂತಿತು, ಜೊತೆಗೆ ವ್ಯಾಪಾರವೂ ನಿಂತಿತು. ಕಂತಿನಲ್ಲಿ ಲಾರಿ ಕೊಂಡವರು ಕಂತು ಕಟ್ಟಲಿಲ್ಲ. ಟೊಯೊಟಾಗೆ ಸಂಬಳ ಕೊಡಲೂ ದುಡ್ಡಿಲ್ಲದ ಸ್ಥಿತಿ.

ನಿಸಾನ್, ಇಸುಜು ಕಂಪನಿಗಳು ಆಗಲೇ ಜನರನ್ನು ತೆಗೆದಿದ್ದವು. ಕಿಯಿಚಿರೊ ತೆಗೆಯೋದಿಲ್ಲ ಅಂದರು. 1949ರ ಡಿಸೆಂಬರ್‌ನಲ್ಲಿ ಯೂನಿಯನ್ ಜೊತೆ ಲಿಖಿತ ಒಪ್ಪಂದವಾಯಿತು. ಕಾರ್ಮಿಕರು ಸಂಬಳದಲ್ಲಿ ಶೇ. 10 ಕಡಿತ ಒಪ್ಪಿಕೊಳ್ಳಬೇಕು, ಕಂಪನಿ ಯಾರನ್ನೂ ಮನೆಗೆ ಕಳಿಸಬಾರದು. ಕಾರ್ಮಿಕರು ತಮ್ಮ ಪಾಲಿನ ಮಾತು ಉಳಿಸಿಕೊಂಡರು.

ಅತ್ತ ಬ್ಯಾಂಕುಗಳು ಕೂತು ಬೇರೆ ಲೆಕ್ಕ ಹಾಕಿದವು. ಬ್ಯಾಂಕ್ ಆಫ್ ಜಪಾನ್‌ನ ನಗೋಯಾ ಶಾಖೆ ಮುಂದೆ ನಿಂತು 24 ಬ್ಯಾಂಕುಗಳಿಂದ ಸಾಲ ಕೊಡಿಸಿತು. ಜೊತೆಗೆ ಷರತ್ತುಗಳೂ ಬಂದವು. ಮಾರಾಟಕ್ಕೆ ಬೇರೆ ಕಂಪನಿ ಮಾಡಿ, ಮಾರಾಟವಾಗುವಷ್ಟೇ ಗಾಡಿ ಮಾಡಿ, ಹೆಚ್ಚಾದ ಜನರನ್ನು ಇಳಿಸಿ. 1950ರ ಏಪ್ರಿಲ್‌ನಲ್ಲಿ ಕಂಪನಿ 1,600 ಜನರನ್ನು ಸ್ವಯಂ ನಿವೃತ್ತಿ ಹೆಸರಲ್ಲಿ ಕಳಿಸುವ ಪ್ರಸ್ತಾಪ ಇಟ್ಟಿತು. ಡಿಸೆಂಬರ್‌ನ ಮಾತು ನಾಲ್ಕೇ ತಿಂಗಳಲ್ಲಿ ಮುರಿಯಿತು.

ಕಾರ್ಮಿಕರು ಸುಮ್ಮನಿರಲಿಲ್ಲ, ಇರಲೂಬಾರದಿತ್ತು. ಎರಡು ತಿಂಗಳು ಮುಷ್ಕರ, ಮೆರವಣಿಗೆ, ಸಂಧಾನ, ಮತ್ತೆ ಮುಷ್ಕರ. ಜೂನ್ 5ರಂದು ಕಿಯಿಚಿರೊ ರಾಜೀನಾಮೆ ಕೊಟ್ಟರು. ಇನ್ನಿಬ್ಬರು ಹಿರಿಯ ನಿರ್ದೇಶಕರೂ ಹೊರಬಂದರು. ಕೊಟ್ಟ ಮಾತು ಉಳಿಸಿಕೊಳ್ಳಲಾಗದವರು ಕುರ್ಚಿಯಲ್ಲಿ ಉಳಿಯಬಾರದು ಅನ್ನೋದು ಅದರ ಅರ್ಥ. ಐದು ದಿನಕ್ಕೆ ರಾಜಿಯಾಯಿತು. ಕೊನೆಗೆ ಕಂಪನಿ ಬಿಟ್ಟು ಹೋದವರು 2 ಸಾವಿರಕ್ಕೂ ಹೆಚ್ಚು, ಹೆಚ್ಚೂಕಡಿಮೆ ನಾಲ್ವರಲ್ಲಿ ಒಬ್ಬರು.

ಜೂನ್ 25ರಂದು ಕೊರಿಯಾ ಯುದ್ಧ ಶುರುವಾಯಿತು. ಜುಲೈ ಕೊನೆಗೆ ಅಮೆರಿಕದ ಸೈನ್ಯ ಸಾವಿರ ಲಾರಿಗೆ ಆರ್ಡರ್ ಕೊಟ್ಟಿತು, ಒಂದು ವರ್ಷದೊಳಗೆ ಒಟ್ಟು 4 ಸಾವಿರ ದಾಟಿತು. ಕಂಪನಿ ಬದುಕಿತು. ಇನ್ನು ಎರಡು ತಿಂಗಳು ತಡೆದಿದ್ದರೆ ಆ 2 ಸಾವಿರ ಮನೆಗಳ ಒಲೆ ಆರುತ್ತಿರಲಿಲ್ಲ. ಮತ್ತೊಂದು ಯುದ್ಧದ ಲಾಭ ಕಂಪನಿಗೆ ಸಿಕ್ಕಿತು, ಹೊರಗೆ ಹೋದವರಿಗೆ ಸಿಗಲಿಲ್ಲ.

ಕಿಯಿಚಿರೊ ಟೋಕಿಯೊಗೆ ಹೋದರು. ರಕ್ತದೊತ್ತಡ ಮೊದಲಿನಿಂದಲೂ ಕಾಡುತ್ತಿತ್ತು. 1952ರ ಆರಂಭದಲ್ಲಿ, ಅವರ ಜಾಗಕ್ಕೆ ಬಂದಿದ್ದ ತೈಜೊ ಇಶಿದಾ ಮತ್ತೆ ಅಧ್ಯಕ್ಷರಾಗಿ ಬನ್ನಿ ಅಂತ ಕರೆದರು, ಇವರೂ ಒಪ್ಪಿದ್ದರು. ಆದರೆ ಮಾರ್ಚ್ 27ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವಯಸ್ಸು 57. ಸಂಪೂರ್ಣ ಜಪಾನಿ ವಿನ್ಯಾಸದ ಕ್ರೌನ್ ಕಾರು ಬಂದದ್ದು 1955ರಲ್ಲಿ, ಕೊರೊಲಾ ಬಂದದ್ದು 1966ರಲ್ಲಿ. ಎರಡನ್ನೂ ಅವರು ನೋಡಲಿಲ್ಲ.

ಹಗ್ಗ ಎಳೆಯುವ ಹಕ್ಕು

ಈ ರಾಜೀನಾಮೆಯನ್ನು ಹೇಗೆ ಓದಬೇಕು? ಮ್ಯಾನೇಜ್‌ಮೆಂಟ್ ಪುಸ್ತಕಗಳು ಇದನ್ನು ತ್ಯಾಗ ಅಂತ ಹೊಗಳುತ್ತವೆ. ನನ್ನ ತಕರಾರು ಇಷ್ಟೇ: ಅವರ ರಾಜೀನಾಮೆ ಒಬ್ಬ ಕಾರ್ಮಿಕನ ಕೆಲಸವನ್ನೂ ಉಳಿಸಲಿಲ್ಲ. ಅವರ ಚಿಕ್ಕಪ್ಪನ ಮಗ ಐಜಿ ಮುಂದೆ ಅಧ್ಯಕ್ಷರಾದರು, ಮಗ ಶೋಯಿಚಿರೊ ಆದರು, ಮೊಮ್ಮಗ ಅಕಿಯೊ ಆದರು. ಕುರ್ಚಿ ಬಿಟ್ಟವರ ಮನೆಗೆ ಕುರ್ಚಿ ತಿರುಗಿ ಬಂತು. 1950ರಲ್ಲಿ ಹೊರಹೋದ ಎರಕದ ಕೆಲಸಗಾರನ ಮೊಮ್ಮಗ ಏನಾದ ಅಂತ ಯಾವ ಪುಸ್ತಕವೂ ಹೇಳೋದಿಲ್ಲ.

ಹಾಗಂತ ಅದು ಬರೀ ನಾಟಕ ಅನ್ನೋಕೂ ನನಗೆ ಮನಸ್ಸಿಲ್ಲ. ಆ ಬೇಸಿಗೆ ಕಂಪನಿಗೆ ಒಂದು ಭಯ ಕಲಿಸಿತು. ಜನರನ್ನು ಸುಲಭವಾಗಿ ತೆಗೆದರೆ ಅದಕ್ಕೆ ಮೇಲಿನವರೂ ಬೆಲೆ ತೆರಬೇಕಾಗುತ್ತೆ ಅನ್ನೋ ಭಯ. ಮುಂದಿನ ದಶಕಗಳಲ್ಲಿ ಕಾಯಂ ನೌಕರರ ಕೆಲಸ ಉಳಿಸುವುದು ಟೊಯೊಟಾದ ನೀತಿಯಾಯಿತು. ಪ್ರತಿಯಾಗಿ ಯೂನಿಯನ್ ತನ್ನ ಹೋರಾಟದ ಹಲ್ಲು ಕಳಚಿಟ್ಟಿತು. ಇದೇ ನೆಲದ ಮೇಲೆ ತೈಚಿ ಓನೊ ಅನ್ನೋ ಎಂಜಿನಿಯರ್ ಅಪ್ಪನ ಮಗ್ಗದ ಪಾಠವನ್ನೂ ಮಗನ ಗೋದಾಮಿನ ಪಾಠವನ್ನೂ ಸೇರಿಸಿ ಟೊಯೊಟಾ ಉತ್ಪಾದನಾ ಪದ್ಧತಿ ಕಟ್ಟಿದರು. ಜೋಡಣೆ ಸಾಲಿನ ಮೇಲೆ ಒಂದು ಹಗ್ಗ. ಏನಾದರೂ ತಪ್ಪು ಕಂಡರೆ ಯಾವ ಕಾರ್ಮಿಕನೂ ಅದನ್ನು ಎಳೆಯಬಹುದು. ಮೇಲ್ವಿಚಾರಕ ಓಡಿ ಬರುತ್ತಾನೆ, ಸರಿಯಾಗದಿದ್ದರೆ ಸಾಲೇ ನಿಲ್ಲುತ್ತೆ.

ಇದನ್ನೊಮ್ಮೆ ಯೋಚಿಸಿ. ನಾಳೆ ಕೆಲಸ ಇರುತ್ತೋ ಇಲ್ಲವೋ ಅಂತ ಹೆದರಿಕೊಂಡಿರುವವನು ಆ ಹಗ್ಗ ಎಳೀತಾನಾ? ತಪ್ಪು ಕಂಡರೂ ಕಣ್ಣು ಮುಚ್ಚಿಕೊಂಡು ಗಾಡಿಯನ್ನು ಮುಂದಕ್ಕೆ ಬಿಡ್ತಾನೆ. ಘಾಟಿಯಲ್ಲಿ ಕೈ ಕೊಡದ ಕಾರು ಬೇಕಾದರೆ, ಅದನ್ನು ಕಟ್ಟುವವನಿಗೆ ಸಾಲು ನಿಲ್ಲಿಸುವ ಧೈರ್ಯ ಇರಬೇಕು. ಆ ಧೈರ್ಯ ಉದ್ಯೋಗ ಭದ್ರತೆಯಿಂದ ಬರುತ್ತೆ.

ಟೊಯೊಟಾ ಇದನ್ನು ತಾನೇ ಹಲವು ಸಲ ಮರೆತಿದೆ. 1972ರಲ್ಲಿ ಸತೋಶಿ ಕಾಮಾತಾ ಎಂಬ ಪತ್ರಕರ್ತ ಅಲ್ಲಿ ಹಂಗಾಮಿ ಕಾರ್ಮಿಕನಾಗಿ ಸೇರಿ, ಜೋಡಣೆ ಸಾಲಿನ ವೇಗಕ್ಕೆ ಮನುಷ್ಯರು ಹೇಗೆ ಹಿಂಡಿ ಹೋಗುತ್ತಾರೆ ಅನ್ನೋದನ್ನ ಪುಸ್ತಕವಾಗಿ ಬರೆದರು. 2008ರ ಬಿಕ್ಕಟ್ಟಿನಲ್ಲಿ ಕಾಯಂ ನೌಕರರು ಉಳಿದರು, ಗುತ್ತಿಗೆಯವರು ಸಾವಿರಗಟ್ಟಲೆ ಹೊರಗೆ ಹೋದರು. 2010ರಲ್ಲಿ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಗಿ ಬಂದು, ಮೊಮ್ಮಗ ಅಕಿಯೊ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ಕಂಪನಿ ಅತಿ ವೇಗವಾಗಿ ಬೆಳೆಯಿತು, ಜನರನ್ನು ತಯಾರು ಮಾಡುವ ಕೆಲಸ ಹಿಂದೆ ಬಿತ್ತು ಅಂತ ಅಲ್ಲಿ ಅವರೇ ಒಪ್ಪಿಕೊಂಡರು.

ಬಿಡದಿಯಲ್ಲೂ ಅದೇ ಪ್ರಶ್ನೆ

ನಮ್ಮ ರಾಜ್ಯಕ್ಕೂ ಈ ಮನೆತನ ಮಗ್ಗದ ದಾರಿಯಲ್ಲೇ ಬಂತು ಅನ್ನೋದು ಹಲವರಿಗೆ ಗೊತ್ತಿಲ್ಲ. 1995ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಬೆಂಗಳೂರಿನ ಬಳಿ ಜವಳಿ ಯಂತ್ರಗಳ ಕಂಪನಿ ಶುರುವಾಯಿತು. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್, ಬಿಡದಿಯಲ್ಲಿ ಕಾರ್ಖಾನೆ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ. ಮುಂದಿನದು ನಿಮಗೆ ಗೊತ್ತು.

ಬಿಡದಿಯಲ್ಲಿ 2006ರಲ್ಲಿ, 2014ರಲ್ಲಿ ಲಾಕೌಟ್ ಆಗಿದ್ದೂ ಗೊತ್ತಿರಲಿ. 2020ರ ನವೆಂಬರ್‌ನಲ್ಲಿ ಯೂನಿಯನ್ ಪದಾಧಿಕಾರಿಯೊಬ್ಬರ ಅಮಾನತಿನಿಂದ ಶುರುವಾದ ಸಂಘರ್ಷ ಮರುವರ್ಷ ಮಾರ್ಚ್ ಆರಂಭದವರೆಗೆ ಎಳೆಯಿತು. ಕೆಲಸದ ಒತ್ತಡ ಮಿತಿ ಮೀರಿದೆ ಅನ್ನೋದು ಕಾರ್ಮಿಕರ ವಾದ, ಶಿಸ್ತು ಮುರಿದಿದ್ದಾರೆ, ಮುಷ್ಕರ ಕಾನೂನುಬಾಹಿರ ಅನ್ನೋದು ಕಂಪನಿಯ ವಾದ. 2023ರಲ್ಲಿ ನಮ್ಮ ವಿಧಾನಮಂಡಲ ವಾರದ ಮಿತಿ 48 ಗಂಟೆ ಉಳಿಸಿಕೊಂಡೇ, ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಹನ್ನೊಂದನೇ ಗಂಟೆಯಲ್ಲಿ ದಣಿದ ಕೈ ತಪ್ಪು ಗುರುತಿಸುತ್ತಾ, ಹಗ್ಗ ಎಳೆಯುತ್ತಾ? ಈ ಪ್ರಶ್ನೆ ಕಾರ್ಮಿಕರದ್ದು ಮಾತ್ರ ಅಲ್ಲ, ಆ ಕಾರು ಕೊಳ್ಳುವವರದ್ದೂ ಹೌದು.

ಇನ್ನು ನಮ್ಮ ಐಟಿ, ಸ್ಟಾರ್ಟಪ್‌ಗಳ ಲೇಆಫ್. ಪೂರ್ತಿ ಹೊಣೆ ನನ್ನದೇ ಅಂತ ಇಮೇಲ್ ಬರೆಯುವ ಸಿಇಒಗಳನ್ನು ಈಚಿನ ವರ್ಷಗಳಲ್ಲಿ ಸಾಕಷ್ಟು ನೋಡಿದ್ದೀವಿ. ಮಾರನೇ ದಿನ ಅದೇ ಕುರ್ಚಿ, ಅದೇ ಸಂಬಳ, ಕೆಲವೊಮ್ಮೆ ಏರಿದ ಷೇರು ಬೆಲೆ. ಕಿಯಿಚಿರೊ ದೇವರಲ್ಲ. ಸೈನ್ಯಕ್ಕೆ ಲಾರಿ ಮಾಡಿದವರು, ಕಾರ್ಮಿಕರಿಗೆ ಕೊಟ್ಟ ಮಾತು ಮುರಿದವರು. ಆದರೆ ಹೊಣೆ ಅನ್ನೋ ಪದಕ್ಕೆ ಏನಾದರೂ ಕಳೆದುಕೊಳ್ಳುವುದು ಅನ್ನೋ ಅರ್ಥ ಇದೆ ಅಂತ ಅವರು ತಿಳಿದಿದ್ದರು.

ಅಷ್ಟಕ್ಕೇ ನಾವು ತೃಪ್ತರಾಗಬೇಕಿಲ್ಲ. ಒಳ್ಳೆಯ ಮಾಲೀಕರಿಗಾಗಿ ಕಾಯುವುದು ರಾಜಕೀಯ ಅಲ್ಲ. 1949ರ ಆ ಒಪ್ಪಂದಕ್ಕೆ ಕಾನೂನಿನ ಬಲ ಇದ್ದು ಬ್ಯಾಂಕುಗಳು ಅದನ್ನು ಮುರಿಸಲಾಗದಂತಿದ್ದರೆ, ಕೊರಿಯಾ ಯುದ್ಧದ ಹಾದಿ ಕಾಯದೆಯೇ ಆ 2 ಸಾವಿರ ಜನ ಉಳಿಯುತ್ತಿದ್ದರು. ಕಿಯಿಚಿರೊ ರಾಜೀನಾಮೆ ಕೊಡುವ ಅಗತ್ಯವೂ ಬರುತ್ತಿರಲಿಲ್ಲ. ಮುಂದಿನ ಸಲ ನಿಮ್ಮ ಕಂಪನಿಯಲ್ಲಿ ಲೇಆಫ್ ಸುದ್ದಿ ಬಂದಾಗ ಸಿಇಒ ಎಷ್ಟು ಭಾವುಕರಾಗಿ ಬರೆದಿದ್ದಾರೆ ಅಂತ ನೋಡಬೇಡಿ. ಅವರು ಏನು ಕಳೆದುಕೊಂಡರು ಅಂತ ಕೇಳಿ. ಆಮೇಲೆ, ಒಂದು ಯೂನಿಯನ್ ಇದೆಯಾ ಅಂತ ಕೇಳಿ.